ನೀನು ಕಳಿಸಿದ ಪಟ್ಟಿಯನ್ನು ಓದಿದ ಮೇಲೆ

ತಿಪಟೂರು
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಅಜ್ಜಿಯ ಮಂಡಿನೋವು ಕಡಿಮೆಯಾಗಿದೆ. ಅಪ್ಪ ಕೊಬ್ಬರಿ ಒಡೆಸುವ ಕೆಲಸದಲ್ಲಿದ್ದಾರೆ. ಹೋದ ವಾರ ನೀನು ವಾಟ್ಸಾಪಿನಲ್ಲಿ ಕಳಿಸಿದ ಉದ್ದನೆಯ ಸಂದೇಶವನ್ನು ಮೂರು ಸಲ ಓದಿದೆ. ಫೋನಿನಲ್ಲಿ ಉತ್ತರ ಹೇಳಹೊರಟರೆ ‘ಆಯ್ತಮ್ಮ, ಆಯ್ತು’ ಎಂದು ನೀನು ಮಾತು ಮುಗಿಸುತ್ತೀಯೆಂದು ನನಗೆ ಗೊತ್ತು. ಆದ್ದರಿಂದ ಕೋರ್ಟಿನ ಲೆಡ್ಜರ್ ಕಾಗದವನ್ನೇ ಮುಂದಿಟ್ಟುಕೊಂಡು ಬರೆಯಲು ಕುಳಿತಿದ್ದೇನೆ.

ನಿನ್ನ ಕಾನೂನು ಕಾಲೇಜಿನ ತರಗತಿಯ ಎಂಬತ್ತು ಜನರನ್ನು ನೀನು ಗುಂಪು ಗುಂಪಾಗಿ ವಿಂಗಡಿಸಿದ್ದೀಯೆ. ಯಾವ ವಿಷಯ ಬಂದರೂ ಮೊದಲು ಕೈಯೆತ್ತುವ ಮಾತಿನ ಮಲ್ಲರು. ಸಿಜಿಪಿಎ ಬಿಟ್ಟರೆ ಬೇರೆ ಲೋಕವಿಲ್ಲದ ಅಂಕದವರು. ಮೂಟ್ ಎಂಬ ಅಣಕು ನ್ಯಾಯಾಲಯದ ಸ್ಪರ್ಧೆ, ಡಿಬೇಟ್, ಜರ್ನಲ್ ಎಂದು ಸದಾ ಸಭೆಗೆ ಓಡುತ್ತಿರುವ ಕಮಿಟಿಯವರು. ಪರೀಕ್ಷೆಯ ಬೆಳಿಗ್ಗೆ ‘ನಾನೇನೂ ಓದಿಲ್ಲ ಕಣೇ’ ಎಂದು ಹೇಳಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆಯುವವರು. ತಾತನ ಕಾಲದಿಂದ ವಕೀಲಿಕೆ ನಡೆಸಿಕೊಂಡು ಬಂದ ಮನೆಗಳ ಮಕ್ಕಳು. ಕೊನೆಯಲ್ಲಿ, ಇದ್ದೂ ಇಲ್ಲದಂತಿರುವ ಕೆಲವರು. ಪಟ್ಟಿ ಮುಗಿದ ಮೇಲೆ ನಿನ್ನ ವಿಷಯ ಬರೆದಿದ್ದೀಯೆ. ಹಾಸ್ಟೆಲಿನಲ್ಲಿ ಎಲ್ಲರೂ ಆ ‘ಮೈಯರ್ಸ್-ಬ್ರಿಗ್ಸ್’ ವ್ಯಕ್ತಿತ್ವದ ಪರೀಕ್ಷೆ ತೆಗೆದುಕೊಂಡರೆಂದೂ, ನಿನಗೆ ಅಂತರ್ಮುಖಿಗಳ ಗುಂಪಿನ ‘ಐಎನ್‌ಎಫ್‌ಪಿ’ ಎಂಬ ನಾಲ್ಕಕ್ಷರ ಬಂತೆಂದೂ, ಮೂಟ್ ತಂಡದ ಆಯ್ಕೆಯಲ್ಲಿ ಹೆಸರು ಬಾರದೆ ಹೋದದ್ದಕ್ಕೆ ಅದೇ ಕಾರಣವೆಂದೂ ಹೇಳಿ, ‘ಆದ್ದರಿಂದ ಕೋರ್ಟು ನನಗಲ್ಲ ಅಮ್ಮ’ ಎಂದು ಮುಗಿಸಿದ್ದೀಯೆ.

ಆ ‘ಆದ್ದರಿಂದ’ ಎಂಬ ಪದಕ್ಕೆ ನನ್ನ ಆಕ್ಷೇಪಣೆಯಿದೆ. ಉಳಿದುದನ್ನೆಲ್ಲ ಈ ಕಾಗದದಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಆ ನಾಲ್ಕಕ್ಷರದ ಮೂಲವನ್ನು ನೋಡು. ಅದನ್ನು ರೂಪಿಸಿದವರು ಅಮೆರಿಕದ ಒಬ್ಬ ತಾಯಿ ಮತ್ತು ಮಗಳು, ಕ್ಯಾಥರೀನ್ ಬ್ರಿಗ್ಸ್ ಹಾಗೂ ಇಸಬೆಲ್ ಮೈಯರ್ಸ್. ಇಬ್ಬರೂ ಮನೋವಿಜ್ಞಾನವನ್ನು ಕ್ರಮವಾಗಿ ಕಲಿತವರಲ್ಲ. ಮಗಳು ತಾನು ಮದುವೆಯಾಗಲಿದ್ದ ಹುಡುಗನನ್ನು ಮನೆಗೆ ಕರೆತಂದಾಗ, ಅವನ ಸ್ವಭಾವ ತಮ್ಮ ಮನೆಯವರ ಸ್ವಭಾವಕ್ಕಿಂತ ತೀರ ಬೇರೆಯಾಗಿದ್ದುದನ್ನು ಕಂಡು ತಾಯಿ ಬೆರಗಾದಳೆಂದೂ, ಮನುಷ್ಯರ ಸ್ವಭಾವಗಳನ್ನು ಬಗೆಬಗೆಯಾಗಿ ವಿಂಗಡಿಸುವ ಆಕೆಯ ಹುಡುಕಾಟ ಆಗ ಗಟ್ಟಿಯಾಯಿತೆಂದೂ ಹೇಳುತ್ತಾರೆ. ಆ ಹುಡುಗ ಕ್ಲಾರೆನ್ಸ್ ಮೈಯರ್ಸ್ ಮುಂದೆ ವಕೀಲನಾದ. ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಸ್ವಭಾವ ವಿಚಾರವನ್ನು ಆಧಾರವಾಗಿಟ್ಟುಕೊಂಡು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಗಳು ಅದಕ್ಕೆ ಪ್ರಶ್ನಾವಳಿಯ ರೂಪ ಕೊಟ್ಟಳು. ಒಬ್ಬ ತಾಯಿ ಅಳಿಯನನ್ನು ಅರ್ಥ ಮಾಡಿಕೊಳ್ಳಲು ಪಟ್ಟ ಪ್ರಯತ್ನದಲ್ಲಿ ನನಗೆ ಪ್ರೀತಿಯೇ ಕಾಣುತ್ತದೆ. ಆದರೆ ಒಬ್ಬರನ್ನೊಬ್ಬರು ತಿಳಿಯಲೆಂದು ಹುಟ್ಟಿದ ಸಾಧನ, ನಿನ್ನ ಹಾಸ್ಟೆಲಿನ ಕೋಣೆಯಲ್ಲಿ, ತನ್ನ ಮೇಲೆ ತಾನೇ ಬರೆದುಕೊಳ್ಳುವ ತೀರ್ಪಾಗಿದೆ.

ಅದರ ದೊಡ್ಡ ಕೊರತೆಯೆಂದರೆ, ಮಾತುಗಾರ ಅಥವಾ ಮೌನಿ ಎಂದು ಒಂದೇ ಗೆರೆ ಎಳೆದು ಜನರನ್ನು ಎರಡು ಕಡೆಗೆ ನಿಲ್ಲಿಸಿಬಿಡುವುದು. ನಿಜದಲ್ಲಿ ಬಹುಪಾಲು ಜನ ಆ ಗೆರೆಯ ಹತ್ತಿರದಲ್ಲಿಯೇ ಇರುತ್ತಾರೆ. ಆದ್ದರಿಂದಲೇ ಕೆಲವು ವಾರ ಬಿಟ್ಟು ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿದವರಲ್ಲಿ ಹಲವರಿಗೆ ಬೇರೆಯದೇ ಅಕ್ಷರಗಳು ಬರುತ್ತವೆ. ಇನ್ನೊಂದು ಸಂಗತಿಯೂ ನಿನಗೆ ತಿಳಿದಿರಲಿ: ಅದೇ ಪರೀಕ್ಷೆಯನ್ನು 1990ರ ದಶಕದಲ್ಲಿ ಲ್ಯಾರಿ ರಿಚರ್ಡ್ ಎಂಬುವರು ಅಮೆರಿಕದ ಸಾವಿರಾರು ವಕೀಲರಿಗೆ ಕೊಟ್ಟು ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿ ಅಂತರ್ಮುಖಿಗಳ ಗುಂಪಿಗೇ ಸೇರಿದರು. ಪರೀಕ್ಷೆಯನ್ನು ನೀನು ನಂಬುವುದಾದರೂ, ಅದು ನಿನ್ನನ್ನು ಕೋರ್ಟಿನಿಂದ ಆಚೆಗೆ ಕಳಿಸುತ್ತಿಲ್ಲ.

ಈಗ ನಿನ್ನ ಸಹಪಾಠಿಗಳ ಮಾತಿಗೆ ಬರುತ್ತೇನೆ. ಅವರು ಹುಟ್ಟಿನಿಂದ ಹಾಗಿದ್ದರೆಂದು ನನಗೆ ಅನ್ನಿಸುವುದಿಲ್ಲ. ನೀವೆಲ್ಲರೂ ಕ್ಲಾಟ್ ಎಂಬ ಪ್ರವೇಶ ಪರೀಕ್ಷೆಯಲ್ಲಿ ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳಿಗೆ ಉತ್ತರಿಸಿ, ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆದುಕೊಂಡು, ದೇಶದಾದ್ಯಂತ ಒಂದೇ ಸಾಲಿನಲ್ಲಿ ನಿಂತು ಒಳಗೆ ಬಂದವರು. ತಮ್ಮ ತಮ್ಮ ಶಾಲೆಗಳಲ್ಲಿ ಎಲ್ಲರೂ ಮೊದಲಿಗರೇ. ಮೊದಲಿಗರನ್ನೇ ಎಂಬತ್ತು ಜನ ಒಂದೆಡೆ ಕೂರಿಸಿದರೆ ಅವರಲ್ಲಿಯೂ ಒಬ್ಬರು ನಲವತ್ತನೆಯವರಾಗಬೇಕು, ಒಬ್ಬರು ಎಂಬತ್ತನೆಯವರಾಗಬೇಕು. ಹದಿನೆಂಟು ವರ್ಷ ‘ಜಾಣೆ’ ಎಂಬ ಒಂದೇ ಹೆಸರಿನಲ್ಲಿ ಬದುಕಿದವಳಿಗೆ ಒಂದು ದಿನ ಆ ಹೆಸರೇ ಇಲ್ಲವೆಂದರೆ, ಅವಳು ಕೈಗೆ ಸಿಕ್ಕ ಇನ್ನೊಂದು ಹೆಸರನ್ನು ಹಿಡಿದುಕೊಳ್ಳುತ್ತಾಳೆ. ಒಬ್ಬಳು ಮಾತನ್ನು ಹಿಡಿಯುತ್ತಾಳೆ, ಮತ್ತೊಬ್ಬಳು ಕಮಿಟಿಯನ್ನು ಹಿಡಿಯುತ್ತಾಳೆ. ನಾಲ್ಕನೆಯ ವರ್ಷಕ್ಕೆ ದೊಡ್ಡ ಲಾ ಫರ್ಮುಗಳು ನೇಮಕಾತಿಗೆ ಬರುತ್ತವೆಂದು ಮೊದಲ ವರ್ಷದಲ್ಲಿಯೇ ಸೀನಿಯರುಗಳು ಕಿವಿಯೂದಿದ ಮೇಲೆ ಆ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ.

ಇದು ಬರಿಯ ಅಮ್ಮನ ಊಹೆಯಲ್ಲ. ಕೆನನ್ ಶೆಲ್ಡನ್ ಮತ್ತು ಲಾರೆನ್ಸ್ ಕ್ರೀಗರ್ ಎಂಬ ಇಬ್ಬರು ಅಮೆರಿಕದ ಕಾನೂನು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಾಲೇಜಿಗೆ ಬರುವಾಗ ಇತರ ವಿದ್ಯಾರ್ಥಿಗಳಿಗಿಂತ ಯಾವ ರೀತಿಯಲ್ಲೂ ಕಡಿಮೆ ನೆಮ್ಮದಿಯಲ್ಲಿರದ ಮಕ್ಕಳು ಮೊದಲ ವರ್ಷದೊಳಗೇ ಕುಗ್ಗುವುದನ್ನೂ, ವಿಷಯದ ಮೇಲಿನ ಪ್ರೀತಿಯಿಂದ ಓದುತ್ತಿದ್ದವರು ಕ್ರಮೇಣ ಹೊರಗಿನವರ ಮೆಚ್ಚುಗೆ ಮತ್ತು ತೋರಿಕೆಯ ಕಡೆಗೆ ವಾಲುವುದನ್ನೂ ಗುರುತಿಸಿದ್ದಾರೆ. ಬಾಗಿಲಲ್ಲಿ ಒಂದು ರೀತಿಯಲ್ಲಿದ್ದವರು ಒಳಗೆ ಹೋದ ಮೇಲೆ ಇನ್ನೊಂದು ರೀತಿಯವರಾಗುತ್ತಾರೆ ಎಂದ ಮೇಲೆ, ಆ ರೀತಿಯನ್ನು ಹುಟ್ಟುಗುಣವೆಂದು ಕರೆಯುವುದು ಹೇಗೆ?

ಓದಿಲ್ಲ ಎನ್ನುವವರನ್ನು ನೀನು ಸುಳ್ಳರೆಂದು ಬರೆದಿದ್ದೀಯೆ. ನಾನು ಅವರನ್ನು ಹೆದರಿದವರು ಎನ್ನುತ್ತೇನೆ. ರಾತ್ರಿ ಎರಡು ಗಂಟೆಯವರೆಗೆ ದೀಪ ಉರಿಸಿ ಓದಿದ್ದೇನೆಂದು ಒಪ್ಪಿಕೊಂಡ ಮೇಲೂ ಅಂಕ ಕಡಿಮೆ ಬಂದರೆ ಮುಖ ತೋರಿಸುವುದು ಹೇಗೆ ಎಂಬ ಭಯವೇ ಅವರ ಬಾಯಿಂದ ಆ ಮಾತು ಆಡಿಸುತ್ತದೆ. ಆದರೆ ಗ್ರಂಥಾಲಯದಲ್ಲಿ ಪ್ರಾಜೆಕ್ಟಿಗೆ ಎಲ್ಲರಿಗೂ ಬೇಕಾಗಿದ್ದ ವ್ಯಾಖ್ಯಾನ ಗ್ರಂಥವನ್ನು ಒಬ್ಬರು ಬೇರೆ ಕಪಾಟಿನ ಹಿಂದೆ ಅಡಗಿಸಿಟ್ಟ ಸಂಗತಿಯನ್ನು ಓದಿದಾಗ ನನಗೆ ಸಂಕಟವಾಯಿತು. ಅದಕ್ಕೆ ಸ್ವಭಾವದ ಹೆಸರು ಕೊಡಬೇಡ. ಅದು ತಪ್ಪು ಕೆಲಸ. ‘ಅವಳು ಇರುವುದೇ ಹಾಗೆ’ ಎಂದುಬಿಟ್ಟರೆ, ನಾಳೆ ಅವಳು ಮಾಡದೆ ಇರಬಹುದಾದ ತಪ್ಪಿಗೂ ಇಂದೇ ನಾವು ಅನುಮತಿ ಕೊಟ್ಟಂತಾಗುತ್ತದೆ. ನನ್ನ ವೃತ್ತಿಯಲ್ಲಿ ಎದುರು ಪಕ್ಷದ ವಕೀಲರು ಬೆಳಿಗ್ಗೆ ಮೇಜು ಗುದ್ದಿ ವಾದಿಸಿ, ಮಧ್ಯಾಹ್ನ ನನಗೆ ಬೇಕಾದ ತೀರ್ಪಿನ ಪ್ರತಿಯನ್ನು ತಮ್ಮ ಗುಮಾಸ್ತರ ಕೈಯಲ್ಲಿ ಕಳಿಸಿಕೊಟ್ಟದ್ದಿದೆ. ಊರಿನ ಕೋರ್ಟಿನಲ್ಲಿ ಮೂವತ್ತು ವರ್ಷ ಒಂದೇ ವಕೀಲರ ಸಂಘದಲ್ಲಿ ಮುಖ ನೋಡಿಕೊಂಡಿರಬೇಕಾದವರಿಗೆ ಪುಸ್ತಕ ಅಡಗಿಸುವುದು ಕಟ್ಟಿಬರುವುದಿಲ್ಲ.

ನಿನ್ನ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಕೊನೆಯ ಗುಂಪು. ಅದರಲ್ಲಿ ಲಿಂಗಸುಗೂರಿನ ಕಡೆಯ ಒಬ್ಬ ಹುಡುಗನಿದ್ದಾನೆಂದು ಬರೆದಿದ್ದೀಯೆ. ಅವನು ಹಿಂದಿನ ಸಾಲಿನಲ್ಲಿ ಕೂರುತ್ತಾನೆ, ಯಾರೊಡನೆಯೂ ಬೆರೆಯುವುದಿಲ್ಲ, ಗ್ರೂಪ್ ಪ್ರಾಜೆಕ್ಟಿನಲ್ಲಿ ತನ್ನ ಪಾಲನ್ನು ಬರೆದುಕೊಟ್ಟು ಹೋಗಿಬಿಡುತ್ತಾನೆ, ಅವನಿಗೆ ಜಂಬವೋ ಸಂಕೋಚವೋ ತಿಳಿಯದು ಎಂದಿದ್ದೀಯೆ. ಒಂದು ವರ್ಷದಲ್ಲಿ ನೀನು ಅವನೊಡನೆ ಒಮ್ಮೆಯಾದರೂ ಕನ್ನಡದಲ್ಲಿ ಮಾತನಾಡಿದ್ದೀಯಾ? ಹತ್ತನೆಯ ತರಗತಿಯವರೆಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗನೆಂದು ನೀನೇ ಬರೆದಿರುವೆ. ನಿಮ್ಮ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಅದನ್ನು ದಾಟಿ ಬಂದವನು ನಿಮ್ಮಲ್ಲಿ ಅನೇಕರಿಗಿಂತ ಉದ್ದದ ದಾರಿಯನ್ನು ನಡೆದು ಬಂದಿದ್ದಾನೆ. ತರಗತಿಯಲ್ಲಿ ಪ್ರಶ್ನೆ ಕೇಳಿದಾಗ ಉತ್ತರ ಅವನಿಗೆ ಕನ್ನಡದಲ್ಲಿ ಹೊಳೆದು, ಅದನ್ನು ಇಂಗ್ಲಿಷಿಗೆ ತಿರುಗಿಸಿ, ತಪ್ಪಿದೆಯೇ ಎಂದು ಒಳಗೇ ಒಮ್ಮೆ ಹೇಳಿ ನೋಡುವಷ್ಟರಲ್ಲಿ ನಿನ್ನ ಮಾತಿನ ಮಲ್ಲರಲ್ಲೊಬ್ಬರು ಉತ್ತರ ಕೊಟ್ಟು ಮುಗಿಸಿರುತ್ತಾರೆ. ಹೀಗೆ ನೂರು ಸಲ ಆದ ಮೇಲೆ ಯಾರು ಕೈಯೆತ್ತುತ್ತಾರೆ? ಅವನನ್ನು ನೀವು ಮೌನಿಯೆಂದು ಬರೆದುಕೊಂಡಿದ್ದೀರಿ. ತೋಟದಲ್ಲಿ, ಸಂತೆಯಲ್ಲಿ, ತನ್ನ ಗೆಳೆಯರ ನಡುವೆ ಅವನು ಎಷ್ಟು ಮಾತುಗಾರನೋ ನಿಮ್ಮಲ್ಲಿ ಯಾರೂ ಕಂಡಿಲ್ಲ.

ಈ ಸಂಗತಿಯನ್ನು ಚೆನ್ನಾಗಿ ಅರಿತಿದ್ದ ಒಬ್ಬರು ಪ್ರಾಧ್ಯಾಪಕ ಶಮ್ನಾದ್ ಬಶೀರ್. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದ ಅವರು 2010ರಲ್ಲಿ ‘ಐಡಿಯಾ’ ಎಂಬ ಯೋಜನೆಯನ್ನು ಆರಂಭಿಸಿ, ಬಡತನ, ಅಂಗವೈಕಲ್ಯ, ಭಾಷೆಯ ತೊಡಕುಗಳಿಂದ ಹಿಂದುಳಿದ ಮಕ್ಕಳನ್ನು ಹುಡುಕಿ ತರಬೇತಿ ಕೊಟ್ಟು ನಿಮ್ಮಂಥ ಕಾಲೇಜುಗಳಿಗೆ ಸೇರಿಸಿದರು. 2019ರಲ್ಲಿ ನಮ್ಮ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಮ್ಮ ಸಂಘದ ಕೋಣೆಯಲ್ಲಿ ಬಹಳ ಹೊತ್ತು ಅವರದೇ ಮಾತಾಯಿತು.

ಸ್ವಭಾವದ ಹೆಸರಿನಲ್ಲಿ ಬಾಗಿಲು ಮುಚ್ಚುವುದನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ಇನ್ನೊಂದು ಕಾರಣವಿದೆ. 1873ರಲ್ಲಿ ಮೈರಾ ಬ್ರಾಡ್‌ವೆಲ್ ಎಂಬಾಕೆಗೆ ವಕೀಲಿಕೆಯ ಪರವಾನಗಿಯನ್ನು ನಿರಾಕರಿಸಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಗ ನ್ಯಾಯಮೂರ್ತಿ ಬ್ರಾಡ್ಲಿ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಹೆಣ್ಣಿಗೆ ಸಹಜವಾದ ಅಂಜುಕುಳಿತನ ಮತ್ತು ಕೋಮಲತೆಗಳು ಆಕೆಯನ್ನು ಲೌಕಿಕದ ಅನೇಕ ವೃತ್ತಿಗಳಿಗೆ ತಕ್ಕವಳಲ್ಲದಂತೆ ಮಾಡಿವೆ ಎಂಬರ್ಥದ ಮಾತು ಬರೆದರು. ನಮ್ಮ ದೇಶದಲ್ಲಿ 1916ರಲ್ಲಿ ಕಲ್ಕತ್ತಾ ಹೈಕೋರ್ಟು ರೆಜಿನಾ ಗುಹಾ ಅವರಿಗೂ, 1921ರಲ್ಲಿ ಪಟ್ನಾ ಹೈಕೋರ್ಟು ಸುಧಾಂಶುಬಾಲಾ ಹಾಜ್ರಾ ಅವರಿಗೂ ಹೆಣ್ಣೆಂಬ ಕಾರಣಕ್ಕೆ ಅವಕಾಶ ಕೊಡಲಿಲ್ಲ. 1923ರ ಕಾಯ್ದೆ ಬಂದ ಮೇಲೆಯೇ ಆ ತಡೆ ಕಾನೂನಿನಿಂದ ತೊಲಗಿದ್ದು. ಬ್ರಾಡ್ಲಿಯವರು ‘ಅಂಜುಕುಳಿ’ ಎಂದು ಹೊರಗಿನಿಂದ ಅಂಟಿಸಿದ ಹಣೆಪಟ್ಟಿಯನ್ನೇ, ನೂರೈವತ್ತು ವರ್ಷಗಳ ತರುವಾಯ, ಮೊಬೈಲಿನ ಪ್ರಶ್ನಾವಳಿಯೊಂದನ್ನು ನೋಡಿ ನನ್ನ ಮಗಳು ತಾನಾಗಿ ಅಂಟಿಸಿಕೊಳ್ಳುವುದನ್ನು ನಾನು ಸುಮ್ಮನೆ ನೋಡುತ್ತಾ ಕೂರಲಾರೆ.

ನನ್ನ ಸಂಗತಿಯೂ ನಿನಗೆ ಪೂರ್ತಿ ಗೊತ್ತಿಲ್ಲ. ನಾನು ಸೀನಿಯರ್ ಬಳಿ ಸೇರಿದಾಗ ಸಂಘದಲ್ಲಿ ನಾನು ಎರಡನೆಯ ಹೆಣ್ಣುಮಗಳು. ಮೊದಲ ಸಲ ಪಾಟಿ ಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಲು, ಎದ್ದು ನಿಂತಾಗ ಬರೆದುಕೊಂಡಿದ್ದ ಹನ್ನೊಂದು ಪ್ರಶ್ನೆಗಳಲ್ಲಿ ನಾಲ್ಕನ್ನು ಕೇಳುವಷ್ಟರಲ್ಲಿ ನಾಲಿಗೆ ಒಣಗಿತು. ‘ಬೇರೆ ಪ್ರಶ್ನೆಗಳಿಲ್ಲ’ ಎಂದು ಹೇಳಿ ಕುಳಿತುಬಿಟ್ಟೆ. ನನ್ನ ಕಕ್ಷಿದಾರ ಆಚೆ ಬಂದು ಏನೂ ಅನ್ನಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅಂದು ರಾತ್ರಿ ನಾನು ಊಟ ಮಾಡಲಿಲ್ಲ. ಬೊಂಬಾಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಗಾಂಧಿಯವರೂ ತಮ್ಮ ಮೊದಲ ಪ್ರಕರಣದಲ್ಲಿ ಎದ್ದು ನಿಂತು, ಪ್ರಶ್ನೆಯೇ ಹೊರಡದೆ ಕುಳಿತು, ಪಡೆದಿದ್ದ 30 ರೂಪಾಯಿಗಳನ್ನು ಹಿಂದಿರುಗಿಸಿದರೆಂಬುದು ಆಗ ನನಗೆ ತಿಳಿದಿತ್ತು, ಆದರೆ ಅದರಿಂದ ಸಮಾಧಾನವಾಗಲಿಲ್ಲ. ಸಮಾಧಾನವಾದದ್ದು ಮರುದಿನ ಕಡತವನ್ನು ಮತ್ತೆ ಮೊದಲಿನಿಂದ ಓದಲು ಕುಳಿತಾಗ.

ಎಂಟು ವರ್ಷಗಳ ಹಿಂದಿನ ಒಂದು ದಾವೆಯ ವಿಷಯವನ್ನು ಹೇಳುತ್ತೇನೆ. ಒಬ್ಬ ಹೆಣ್ಣುಮಗಳಿಗೆ ತಂದೆಯ ಕಡೆಯ ಮೂರೂವರೆ ಎಕರೆ ತೆಂಗಿನ ತೋಟದಲ್ಲಿ ಪಾಲು ಬೇಕಿತ್ತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯನ್ನು ನೀನು ಓದಿರುವೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ವಿಭಾಗಗಳನ್ನು ಅದು ಕೆಡಿಸುವುದಿಲ್ಲವೆಂಬುದೂ ನಿನಗೆ ತಿಳಿದಿದೆ. ಅಣ್ಣಂದಿರು ಅದನ್ನೇ ಹಿಡಿದುಕೊಂಡು 2001ರ ಮೇ ತಿಂಗಳ ತಾರೀಖಿನ ಒಂದು ಪಾಲುಪಟ್ಟಿಯನ್ನು ಹಾಜರುಪಡಿಸಿದರು. ನೋಂದಣಿಯಾಗಿರಲಿಲ್ಲ, ಬಾಯಿಮಾತಿನಲ್ಲಿ ಮೊದಲೇ ಆಗಿದ್ದ ವಿಭಾಗವನ್ನು ನೆನಪಿಗಾಗಿ ಬರೆದಿಟ್ಟದ್ದು ಎಂಬುದು ಅವರ ವಾದ. ಇಂಥ ಬಾಯಿಮಾತಿನ ಪಾಲನ್ನು ಸಾಮಾನ್ಯವಾಗಿ ಒಪ್ಪಬಾರದೆಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದ್ದು 2020ರಲ್ಲಿ. ಇದು ಅದಕ್ಕೆ ಮುಂಚಿನ ಮಾತು, ಆದ್ದರಿಂದ ನಾನು ನಿಜಕ್ಕೂ ಚಿಂತೆಯಲ್ಲಿದ್ದೆ.

ಆಗ ನನ್ನ ಬಳಿ ಒಬ್ಬಳು ಜೂನಿಯರ್ ಇದ್ದಳು. ಎರಡು ವರ್ಷಗಳಲ್ಲಿ ಅವಳು ಕೋರ್ಟಿನಲ್ಲಿ ಮುಂದಿನ ದಿನಾಂಕ ಕೇಳುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆದವಳಲ್ಲ. ಸಂಘದ ಕೋಣೆಯಲ್ಲಿ ಅವಳನ್ನು ಬಾಯಿ ಸತ್ತವಳೆಂದು ಕರೆಯುತ್ತಿದ್ದರು. ಎದುರು ಪಕ್ಷದವರು ನಮಗೆ ಕೊಟ್ಟಿದ್ದ ಜೆರಾಕ್ಸ್ ಪ್ರತಿಯಲ್ಲಿ ಛಾಪಾ ಕಾಗದದ ಮುಂಬದಿ ಮಾತ್ರ ಇತ್ತು. ಅವಳು ಯಾರಿಗೂ ಹೇಳದೆ ಕಡತ ಪರಿಶೀಲನೆಗೆ ಅರ್ಜಿ ಹಾಕಿ, ನಿಶಾನೆ ಡಿ-3 ಎಂದು ಗುರುತಾಗಿದ್ದ ಅಸಲನ್ನು ಕಚೇರಿಯಲ್ಲಿ ಕುಳಿತು ನೋಡಿದಳು. ಹಿಂಬದಿಯನ್ನು ತಿರುವಿದಳು. ಅಲ್ಲಿ ಛಾಪಾ ಕಾಗದ ಮಾರುವವನ ನೇರಳೆ ಬಣ್ಣದ ಮೊಹರು, ಕ್ರಮಸಂಖ್ಯೆ, ಕೊಂಡವರ ಹೆಸರು, ಅದರ ಕೆಳಗೆ ಅರ್ಧ ಅಳಿಸಿದಂತಿದ್ದ ಶಾಯಿಯಲ್ಲಿ 2002ರ ಜನವರಿಯ ಒಂದು ತಾರೀಖು. 2001ರ ಮೇ ತಿಂಗಳಲ್ಲಿ ಬರೆದ ಪತ್ರಕ್ಕೆ 2002ರ ಜನವರಿಯಲ್ಲಿ ಮಾರಾಟವಾದ ಕಾಗದ ಒದಗಿಬಂದಿತ್ತು.

ಪಾಟಿ ಸವಾಲನ್ನು ಅವಳೇ ಮಾಡಬೇಕೆಂದು ನಾನು ಹೇಳಿದೆ. ಅವಳ ಕೈ ನಡುಗುತ್ತಿತ್ತು, ದನಿ ಎರಡನೆಯ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಕಾಗದವನ್ನು ಕೊಂಡವರು ಯಾರೆಂದು ಕೇಳಿದಳು. ‘ನಾನೇ’ ಎಂದು ದೊಡ್ಡ ಅಣ್ಣ ಹೇಳಿದ. ಬರೆದ ದಿನವೇ ಕೊಂಡಿರಾ ಎಂದಳು; ‘ಹೌದು, ಅದೇ ದಿನ ಬೆಳಿಗ್ಗೆ’ ಎಂದ. ಹಿಂಬದಿಯ ತಾರೀಖನ್ನು ಓದಿ ಹೇಳಿ ಎಂದಳು. ಅವನು ಕಾಗದವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು. ಅವಳು ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಕುಳಿತಳು. ಮಾತಿನ ಚಟವಿದ್ದವರಾಗಿದ್ದರೆ ಅಲ್ಲಿ ನಾಲ್ಕನೆಯ ಪ್ರಶ್ನೆ ಕೇಳಿ, ಸಾಕ್ಷಿಗೆ ವಿವರಣೆಯ ದಾರಿ ತೆರೆದುಕೊಡುತ್ತಿದ್ದರು. ನಾನೇ ಕೇಳಿಬಿಡುತ್ತಿದ್ದೆನೋ ಏನೋ.

ಹಾಗೆಂದು ಮೌನವೇ ಮೇಲು, ಮಾತುಗಾರರು ಕೀಳು ಎಂದು ನೀನು ತಿಳಿಯಬಾರದು. ಜಾಮೀನು ಅರ್ಜಿಯ ದಿನ, ಐದು ನಿಮಿಷದಲ್ಲಿ ಹೇಳಬೇಕಾದುದನ್ನು ಹೇಳಿಬಿಡಬೇಕಾದಾಗ, ನಿನ್ನ ಮಾತಿನ ಮಲ್ಲರಂಥವರೇ ಬೇಕು. ಮನೆಮಂದಿಯೆಲ್ಲ ಕಿತ್ತಾಡಿಕೊಂಡು ಬಂದ ದಾವೆಯನ್ನು ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಸಲು ಜನರನ್ನು ಕೂಡಿಸಬಲ್ಲ ಕಮಿಟಿಯವರಂಥವರು ಬೇಕು. ಒಂದೇ ವಾರದಲ್ಲಿ ಒಬ್ಬರೇ ಈ ಮೂರೂ ಆಗಬೇಕಾದ ಸಂದರ್ಭ ತಾಲ್ಲೂಕು ಕೋರ್ಟಿನಲ್ಲಿ ಎಷ್ಟೋ ಸಲ ಬರುತ್ತದೆ. ಅಂದಂದಿಗೆ ಬೇಕಾದುದನ್ನು ಅಂದಂದು ರೂಢಿಸಿಕೊಳ್ಳುತ್ತೇವೆ.

ಮೂಟ್ ವಿಷಯ. ವಾದ ಮಂಡಿಸುವ ಇಬ್ಬರ ಹಿಂದೆ ಸಂಶೋಧಕಿಯಾಗಿ ಒಬ್ಬಳಿರುತ್ತಾಳೆಂದೂ, ಆ ಸ್ಥಾನಕ್ಕೆ ಮುಂದಿನ ತಿಂಗಳು ಮತ್ತೊಂದು ಆಯ್ಕೆ ಇದೆಯೆಂದೂ ನೀನೇ ಬರೆದಿದ್ದೀಯೆ. ಅದನ್ನು ಸೋತವರ ಜಾಗವೆಂಬಂತೆ ಹೇಳಿರುವೆ. ಮೆಮೋರಿಯಲ್ ಎಂಬ ಲಿಖಿತ ವಾದದಲ್ಲಿನ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಮೂಲಕ್ಕೆ ಹೋಗಿ ಸರಿನೋಡುವವಳು ಯಾರೋ ಅವಳೇ ನಾಳೆ ಛಾಪಾ ಕಾಗದದ ಹಿಂಬದಿಯನ್ನು ತಿರುವುತ್ತಾಳೆ. ಅರ್ಜಿ ಹಾಕು. ಈ ಸಲವೂ ಸಿಗದಿದ್ದರೆ ಸಿಗಲಿಲ್ಲವೆಂದು ನನಗೆ ಫೋನ್ ಮಾಡು. ‘ಏಕೆಂದರೆ ನಾನು ಇಂಥವಳು’ ಎಂದು ಮಾತ್ರ ಸೇರಿಸಬೇಡ.

ನಿಮ್ಮ ಸೆಮಿಸ್ಟರ್ ರಜೆ ಡಿಸೆಂಬರಿನ ಮೊದಲ ವಾರದಿಂದಲ್ಲವೇ? 4ನೆಯ ತಾರೀಖಿಗೆ ನನ್ನದೊಂದು ನಿರ್ಬಂಧಕಾಜ್ಞೆಯ ದಾವೆ ಪಾಟಿ ಸವಾಲಿಗೆ ಇದೆ. ಸಾಕ್ಷಿ ಎಪ್ಪತ್ತು ದಾಟಿದ ರೈತರು, ನಡೆಯುವುದೆಲ್ಲ ಕನ್ನಡದಲ್ಲಿ. ನೀನು ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡು. ಲಿಂಗಸುಗೂರಿನ ಆ ಹುಡುಗ ಊರಿಗೆ ಹೋಗುವ ಮುಂಚೆ ಎರಡು ದಿನ ಬಿಡುವಾಗಿದ್ದರೆ ಅವನನ್ನೂ ಕೇಳು, ಅವನ ಮನೆಯವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಸರ್ವೆ ನಕ್ಷೆಯಲ್ಲಿನ ಬದುವಿನ ವಿಷಯದಲ್ಲಿ ನನಗೊಂದು ಅನುಮಾನವಿದೆ. ಒಣಭೂಮಿಯ ಕಡೆ ಬದುವಿನ ಕಲ್ಲುಗಳನ್ನು ಹೇಗೆ ನೆಡುತ್ತಾರೆಂದು ಅವನಿಗೆ ನನಗಿಂತ ಚೆನ್ನಾಗಿ ತಿಳಿದಿರಬಹುದು. ಎಷ್ಟು ಜನ ಬರುತ್ತೀರೆಂದು ಮುಂಚೆಯೇ ತಿಳಿಸು, ಅಜ್ಜಿ ಆಗಲೇ ಚಕ್ಕುಲಿಗೆ ಅಕ್ಕಿ ತೊಳೆದು ಹರವುವ ಮಾತಾಡುತ್ತಿದ್ದಾರೆ.

ನಿನ್ನ
ಅಮ್ಮ